ಬಂಡೀಪುರದ ಹುಲ್ಲಿಗೂ ನಮ್ಮ ಬೆಳೆಗೂ ಏನು ಸಂಬಂಧ?



ಕಾಡಂಚಿನ ಊರುಗಳಿಂದ ಓದುವವರು ಹೆಚ್ಚಾಗಿ ಕೇಳೋದು ಒಂದೇ ಪ್ರಶ್ನೆ: "ಆನೆಗೆ, ಹಂದಿಗೆ ಏನಾದರೂ ಉಪಾಯ ಹೇಳಿ." ಉಪಾಯ ಹೇಳ್ತೀನಿ. ಆದರೆ ಅದಕ್ಕೂ ಮೊದಲು ಕಾಡಿನ ಒಳಗೆ ಏನಾಗ್ತಿದೆ ಅಂತ ಸ್ವಲ್ಪ ತಿಳ್ಕೊಂಡರೆ ಒಳ್ಳೇದು. ನಾನು ಇದನ್ನು ತಡವಾಗಿ ತಿಳ್ಕೊಂಡೆ, ಅದಕ್ಕೆ ಒಂದು ಬಾಳೆ ತೋಟದ ಬೆಲೆ ಕೊಟ್ಟೆ. ಹಾಗಾಗಿ ಈ ವಾರ ರೋಗ, ಕೀಟ ಎಲ್ಲ ಪಕ್ಕಕ್ಕಿಟ್ಟು ಬಂಡೀಪುರದ ವಿಚಾರ. ಮಾತು ಕಾಡಿಂದ ಶುರುವಾದರೂ ಕೊನೆಗೆ ನಮ್ಮ ಗೊಬ್ಬರದ ಗುಂಡಿಗೇ ಬಂದು ನಿಲ್ಲುತ್ತೆ.

ಆ ರಾತ್ರಿ ಆಗಿದ್ದು

ನಮ್ಮ ಹೊಲ ಗುಂಡ್ಲುಪೇಟೆ ತಾಲ್ಲೂಕಿನಲ್ಲಿ, ಕಾಡಿನ ಅಂಚಿನಿಂದ ಒಂದೂವರೆ ಕಿಲೋಮೀಟರ್ ಇರಬಹುದು. ಮೂರೂಕಾಲು ಎಕರೆ. ತೋಟಗಾರಿಕೆ ಓದಿ, ಕೆಲವು ವರ್ಷ ಹೊರಗೆ ಕೆಲಸ ಮಾಡಿ, ಅಪ್ಪನ ಜಮೀನಿಗೆ ವಾಪಸ್ ಬಂದು ಸಾವಯವ ಶುರು ಮಾಡಿದ ಮೂರನೇ ವರ್ಷ ಅದು. ಮುಕ್ಕಾಲು ಎಕರೆಯಲ್ಲಿ 700 ನೇಂದ್ರ ಬಾಳೆ ಹಾಕಿದ್ದೆ. ಗೊನೆ ಬಲಿತಿದ್ದವು, ಓಣಂ ಮಾರುಕಟ್ಟೆಗೆ ಸರಿಯಾಗಿ ಬರ್ತಿತ್ತು. ಕೇರಳದ ವ್ಯಾಪಾರಿ ಬಂದು ನೋಡಿ ಹೋಗಿದ್ದರು.

ಜುಲೈ ಕೊನೆಯ ಒಂದು ರಾತ್ರಿ ಮೂರು ಆನೆ ಬಂದವು. ಬೆಳಿಗ್ಗೆ ಲೆಕ್ಕ ಹಾಕಿದರೆ 400ಕ್ಕೂ ಹೆಚ್ಚು ಗಿಡ ನೆಲಕ್ಕೆ ಬಿದ್ದಿದ್ದವು. ಆನೆ ಬರೀ ಗೊನೆ ತಿನ್ನಲ್ಲ, ದಿಂಡು ಸೀಳಿ ಒಳಗಿನ ತಿರುಳು ತಿನ್ನುತ್ತೆ. ಹನಿ ನೀರಾವರಿ ಪೈಪು ತುಳಿದು ಚೂರಾಗಿತ್ತು. ಉಳಿದ ಗಿಡಗಳಿಗೂ ಆಸರೆ ಕೋಲು ಮುರಿದು, ಅರ್ಧಕ್ಕರ್ಧ ಗಾಳಿಗೆ ಬಿದ್ದವು.

ಪಕ್ಕದ ಹೊಲದ ದೊಡ್ಡಪ್ಪ ಬಂದು ನೋಡಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಲೈನಿಂದ ಒಂದು ತಂತಿ ಎಳ್ದು ಬುಡು ಕನವ್ವ. ಒಂದ್ಸಲ ಹೊಡುದ್ರೆ ಆಮೇಕೆ ಈ ಕಡೆ ತಲೆ ಹಾಕಲ್ಲ." ನಾನು ಬೇಡ ಅನ್ನಲಿಲ್ಲ. ಸುಳ್ಳು ಯಾಕೆ ಹೇಳಲಿ, ಆ ದಿನ ನನಗೂ ಹಾಗೇ ಅನಿಸಿತ್ತು. ಆ ತಂತಿಯ ವಿಚಾರಕ್ಕೆ ಆಮೇಲೆ ಬರ್ತೀನಿ.

ಬಂಡೀಪುರ ಅಂದರೆ ಯಾವ ಥರದ ಕಾಡು?

1931ರಲ್ಲಿ ಮೈಸೂರು ಮಹಾರಾಜರ ಕಾಲದಲ್ಲಿ ಸುಮಾರು 90 ಚದರ ಕಿಲೋಮೀಟರ್ ಜಾಗವನ್ನು ವೇಣುಗೋಪಾಲ ವನ್ಯಜೀವಿ ಉದ್ಯಾನ ಅಂತ ಮಾಡಿದ್ದರು. 1973ರಲ್ಲಿ ಹುಲಿ ಯೋಜನೆ ಶುರುವಾದಾಗ ದೇಶದ ಮೊದಲ ಒಂಬತ್ತು ಹುಲಿ ಮೀಸಲು ಪ್ರದೇಶಗಳಲ್ಲಿ ಬಂಡೀಪುರವೂ ಒಂದು. ಈಗ ರಾಷ್ಟ್ರೀಯ ಉದ್ಯಾನದ ವಿಸ್ತೀರ್ಣ ಸುಮಾರು 870 ಚದರ ಕಿಲೋಮೀಟರ್. ವಾಯವ್ಯಕ್ಕೆ ಕಬಿನಿ ಮತ್ತು ಅದರಾಚೆ ನಾಗರಹೊಳೆ, ದಕ್ಷಿಣಕ್ಕೆ ಮೋಯಾರ್ ಮತ್ತು ತಮಿಳುನಾಡಿನ ಮುದುಮಲೆ, ಪಶ್ಚಿಮಕ್ಕೆ ಕೇರಳದ ವಯನಾಡು. ಈ ನಾಲ್ಕೂ ಸೇರಿ ಒಂದೇ ಕಾಡು. ಏಷ್ಯಾದ ಆನೆಗಳು ಅತಿ ಹೆಚ್ಚು ಸಂಖ್ಯೆಯಲ್ಲಿರುವ ಕಾಡು ಇದೇ. 2022ರ ಹುಲಿ ಗಣತಿಯಲ್ಲಿ ಬಂಡೀಪುರಕ್ಕೆ 150 ಹುಲಿ ಅಂತ ಲೆಕ್ಕ ಬಂತು, ದೇಶದಲ್ಲಿ ಕಾರ್ಬೆಟ್ ಬಿಟ್ಟರೆ ಎರಡನೇ ಸ್ಥಾನ.

ಈ ಅಂಕಿ ಪತ್ರಿಕೆಯಲ್ಲಿ ಓದಿರ್ತೀರಿ. ರೈತರಾಗಿ ನಮಗೆ ಮುಖ್ಯವಾದದ್ದು ಬೇರೆ. ಬಂಡೀಪುರ ಮಲೆನಾಡಿನ ಹಸಿರು ಕಾಡಲ್ಲ, ಪಶ್ಚಿಮ ಘಟ್ಟದ ಮಳೆ ನೆರಳಿನಲ್ಲಿರುವ ಎಲೆ ಉದುರಿಸುವ ಕಾಡು. ತೇಗ, ಮತ್ತಿ, ದಿಂಡಿಗ, ಹೊನ್ನೆ, ನೆಲ್ಲಿ, ಮುತ್ತುಗ, ಅಲ್ಲಲ್ಲಿ ಬಿದಿರು. ಮರಗಳು ದೂರ ದೂರ ಇರ್ತವೆ, ಬೇಸಿಗೆಯಲ್ಲಿ ಎಲೆ ಉದುರಿ ಬಿಸಿಲು ನೆಲಕ್ಕೆ ಬೀಳುತ್ತೆ. ಬಿಸಿಲು ಬಿದ್ದ ಕಡೆ ಮಳೆ ಬಂದ ಕೂಡಲೇ ಹುಲ್ಲು ಏಳುತ್ತೆ. ಈ ಕಾಡಿನ ಬಂಡವಾಳ ಇರೋದು ಮರದಲ್ಲಿ ಅಂತ ನಾವು ಅಂದ್ಕೊಂಡಿದ್ದೀವಿ. ನಿಜವಾಗಿ ಅದರ ದೊಡ್ಡ ಪಾಲು ಹುಲ್ಲಿನಲ್ಲಿದೆ.

ಎಲ್ಲಾ ಹುಲ್ಲಿಂದಲೇ ಶುರು

ನಮ್ಮ ಭಾಷೆಯಲ್ಲೇ ಲೆಕ್ಕ ಹಾಕೋಣ. ಒಂದು ಹುಲಿಗೆ ವರ್ಷಕ್ಕೆ ಸುಮಾರು 50 ಬೇಟೆ ಬೇಕು, ಅಂದರೆ ವಾರಕ್ಕೊಂದು ಜಿಂಕೆ ಅಥವಾ ಕಡವೆ. ಕಾಟಿ ಸಿಕ್ಕರೆ ಕೆಲವು ದಿನ ನಡೆಯುತ್ತೆ. ವರ್ಷಕ್ಕೆ 50 ಬೇಟೆ ಹೋದರೂ ಹಿಂಡು ಕರಗಬಾರದು ಅಂದರೆ ಅದರ ಹತ್ತು ಪಟ್ಟು, ಸುಮಾರು 500 ಪ್ರಾಣಿ ಆ ಹುಲಿಯ ಪ್ರದೇಶದಲ್ಲಿ ಇರಬೇಕು. ಚಿರತೆ, ಸೀಳುನಾಯಿಗಳ ಪಾಲು ಬೇರೆ. ಈ ಜಿಂಕೆ, ಕಡವೆ, ಕಾಟಿ ಏನು ತಿನ್ನಬೇಕು? ಹುಲ್ಲು, ಚಿಗುರು, ಎಲೆ, ಉದುರಿದ ನೆಲ್ಲಿಕಾಯಿ. ಮಳೆಗಾಲದಲ್ಲಿ ಆನೆಗೂ ಮುಖ್ಯ ಆಹಾರ ಹುಲ್ಲೇ. ದೊಡ್ಡ ಆನೆಗೆ ದಿನಕ್ಕೆ 150 ಕೆ.ಜಿ.ಯಷ್ಟು ಮೇವು, 100 ಲೀಟರಿಗೂ ಮೀರಿ ನೀರು ಬೇಕು.

ದೊಡ್ಡ ಪ್ರಾಣಿ ಹೆಚ್ಚಿದ್ದರೆ ಸಗಣಿ ಹೆಚ್ಚು, ಸಗಣಿ ಹೆಚ್ಚಿದ್ದರೆ ಸಗಣಿ ಹುಳು ಹೆಚ್ಚು, ಮಣ್ಣು ಸಡಿಲ, ನೀರು ಇಂಗುತ್ತೆ. ಆನೆ ತಿಂದ ಹಣ್ಣಿನ ಬೀಜ ಕಿಲೋಮೀಟರ್‌ಗಟ್ಟಲೆ ಆಚೆ ಲದ್ದಿಯಲ್ಲಿ ಬಿದ್ದು ಮೊಳೆಯುತ್ತೆ. ಜೀವಾಮೃತ, ಮುಚ್ಚಿಗೆ, ಮಿಶ್ರಬೆಳೆ ಅಂತ ನಾವು ಮೂರೆಕರೆಯಲ್ಲಿ ಕಷ್ಟಪಟ್ಟು ಮಾಡೋದನ್ನು ಅಲ್ಲಿ ಪ್ರಾಣಿಗಳು ಕೂಲಿ ಇಲ್ಲದೆ ಮಾಡ್ತವೆ. ಜೀವವೈವಿಧ್ಯ ಅಂದರೆ ಹುಲಿ ಫೋಟೋ ಮಾತ್ರ ಅಲ್ಲ, ಈ ಕೊಂಡಿ ಪೂರ್ತಿ ಇರೋದು.

ಈಗ ಪ್ರಶ್ನೆ: ಕಾಡಿನ ಒಳಗೆ ಹುಲ್ಲು ಕಡಿಮೆಯಾದರೆ ಏನಾಗುತ್ತೆ? ಹುಲ್ಲು ಕಡಿಮೆ ಆಗೋಕೆ ಎರಡು ದೊಡ್ಡ ಕಾರಣ ಇವೆ. ಒಂದು ಹೊರಗಿನಿಂದ ಮೇಯಲು ಹೋಗುವ ದನ, ಇನ್ನೊಂದು ಲಂಟಾನ. ಮೊದಲನೆಯದರಲ್ಲಿ ನನ್ನ ಪಾಲೂ ಇತ್ತು.

ನನ್ನ ಗೊಬ್ಬರ ಎಲ್ಲಿಂದ ಬಂತು?

ಸಾವಯವ ಶುರು ಮಾಡಿದಾಗ ನನ್ನ ಹತ್ತಿರ ಒಂದೂ ಹಸು ಇರಲಿಲ್ಲ. ಅರಿಶಿನಕ್ಕೆ ಎಕರೆಗೆ ಹತ್ತು ಟನ್ ಕೊಟ್ಟಿಗೆ ಗೊಬ್ಬರ ಹಾಕಿ ಅಂತ ಪುಸ್ತಕ ಹೇಳುತ್ತೆ, ನಾನೂ ಓದಿ ಪಾಸಾಗಿದ್ದೆ. ಕಾಡಂಚಿನ ಒಂದು ಊರಿಂದ ವರ್ಷಕ್ಕೆ ಆರೇಳು ಟ್ರ್ಯಾಕ್ಟರ್ ಗೊಬ್ಬರ ತರಿಸ್ತಿದ್ದೆ. ರಾಸಾಯನಿಕ ಇಲ್ಲ, ಅಪ್ಪಟ ನಾಟಿ ದನದ ಗೊಬ್ಬರ ಅಂತ ಖುಷಿ.

ಬಾಳೆ ಹೋದ ಮೇಲೆ ಒಂದು ದಿನ ಗೊಬ್ಬರ ಇಳಿಸಲು ಬಂದ ಹಿರಿಯರೊಬ್ಬರ ಹತ್ತಿರ ಆನೆ ಕಥೆ ಹೇಳಿಕೊಂಡೆ. ಅವರು ಟ್ರ್ಯಾಕ್ಟರ್ ತೋರಿಸಿ ನಕ್ಕರು: "ಇದೂ ಅಲ್ಲಿಂದ್ಲೇ ಬಂದದ್ದು ಕನವ್ವ. ಆನೆ ತಿನ್ಬೇಕಾದ ಹುಲ್ಲ ನಮ್ಮ ದನ ತಿಂದವೆ, ನಿನ್ನ ಹೊಲಕ್ಕೆ ಗೊಬ್ಬರ ಆಗದೆ. ಅದು ಬಂದು ಲೆಕ್ಕ ಕೇಳದೆ."

ತಮಾಷೆಗೆ ಹೇಳಿದ್ದರು. ಆದರೆ ಮನಸ್ಸಿಗೆ ನಾಟಿತು. ಆಮೇಲೆ ಹುಡುಕಿ ಓದಿದಾಗ ಗೊತ್ತಾಯ್ತು, ಇದರ ಬಗ್ಗೆ ನಮ್ಮ ತಾಲ್ಲೂಕಿನಲ್ಲೇ ಅಧ್ಯಯನ ನಡೆದಿದೆ. ಪರಿಸರ ವಿಜ್ಞಾನಿ ಎಂ.ಡಿ. ಮಧುಸೂದನ್ ಅವರು ಹಂಗಳ ಊರಿನ ದನಗಳ ಲೆಕ್ಕ ಹಿಡಿದು 2005ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಒಂದು ಆಶ್ಚರ್ಯದ ಸಂಗತಿ ಇದೆ. 1990ರ ದಶಕದಲ್ಲಿ ಬ್ರೆಜಿಲ್‌ನಲ್ಲಿ ಕಾಫಿ ಬೆಳೆ ಕೈಕೊಟ್ಟಿತು. ಜಗತ್ತಿನ ಮಾರುಕಟ್ಟೆಯಲ್ಲಿ ಕಾಫಿ ಬೆಲೆ ಏರಿತು. ನಮ್ಮ ಪಕ್ಕದ ಕಾಫಿ ಸೀಮೆಯ ತೋಟದವರು ಗೊಬ್ಬರಕ್ಕೆ ಹೆಚ್ಚು ದುಡ್ಡು ಕೊಡೋಕೆ ಮುಂದೆ ಬಂದರು. ಅಲ್ಲಿವರೆಗೂ ಸ್ವಂತ ಹೊಲಕ್ಕೆ ಹಾಕ್ತಿದ್ದ ಸಗಣಿ ಮಾರುವ ಸರಕಾಯ್ತು. ಹಾಲಿಗೂ ಅಲ್ಲ, ಉಳುಮೆಗೂ ಅಲ್ಲ, ಬರೀ ಸಗಣಿಗೆ ಅಂತ ದನ ಸಾಕೋದು ಲಾಭವಾಯ್ತು. ಆ ದನ ಮೇಯೋದು ಎಲ್ಲಿ? ಕಾಡಿನಲ್ಲಿ. ಬ್ರೆಜಿಲ್‌ನ ಬೆಳೆ ಹಾಳಾದ ಬಿಸಿ ಬಂಡೀಪುರದ ಹುಲ್ಲಿಗೆ ತಟ್ಟಿತು.

ಅವರದೇ ಇನ್ನೊಂದು ಅಧ್ಯಯನದಲ್ಲಿ, ಬಂಡೀಪುರದಲ್ಲಿ ದನಗಳ ಸಂಖ್ಯೆ ಇಳಿದ ಮೇಲೆ ಕಾಟಿ ಮೊದಲಾದ ಕಾಡುಪ್ರಾಣಿಗಳು ಹೆಚ್ಚಿದ್ದು ಕಂಡುಬಂತು. ಅಂದರೆ ದನಕ್ಕೂ ಕಾಟಿಗೂ ಒಂದೇ ತಟ್ಟೆ. ಒಬ್ಬರು ಎದ್ದರೆ ಇನ್ನೊಬ್ಬರಿಗೆ ಜಾಗ.

ದನದ ಜೊತೆ ರೋಗವೂ ಒಳಗೆ ಹೋಗುತ್ತೆ. 1960ರ ದಶಕದ ಕೊನೆಯಲ್ಲಿ ದನಗಳ ದೊಡ್ಡರೋಗ ಈ ಕಾಡಿನ ಕಾಟಿಗಳಿಗೂ ಹಬ್ಬಿ ಹಿಂಡು ಹಿಂಡಾಗಿ ಸತ್ತಿದ್ದವು. ಆ ರೋಗ ಈಗ ಪ್ರಪಂಚದಲ್ಲೇ ಇಲ್ಲ, ಆದರೆ ಕಾಲುಬಾಯಿ ರೋಗ ಇದೆ. ಕಾಡಂಚಿನಲ್ಲಿ ಹಸು ಸಾಕುವವರು ಅದರ ಲಸಿಕೆ ಒಂದು ಸಲವೂ ತಪ್ಪಿಸಬೇಡಿ.

ಇಲ್ಲಿ ಒಂದು ಮಾತು. ದನ ಮೇಯಿಸುವ ಬಡವರನ್ನು ದೂರೋಕೆ ಇದನ್ನು ಬರೀತಿಲ್ಲ. ಅವರ ಮನೆ ನಡೆಯೋದು ಅದರಿಂದ. ಕೊಳ್ಳುವವಳು ನಾನಿದ್ದೆ, ಅದಕ್ಕೇ ಮಾರುತ್ತಿದ್ದರು. ಸಾವಯವ ಅಂತ ಬೋರ್ಡ್ ಹಾಕಿದ ಹೊಲಕ್ಕೆ ಗೊಬ್ಬರ ಎಲ್ಲಿಂದ ಬರ್ತಿದೆ ಅಂತ ಕೇಳಬೇಕಾದ ಜವಾಬ್ದಾರಿ ನನ್ನದು.

ಲಂಟಾನ: ಹುಲ್ಲು ನುಂಗಿದ ಗಿಡ

ಎರಡನೇ ಕಾರಣ ಲಂಟಾನ. 1800ರ ದಶಕದ ಶುರುವಿನಲ್ಲಿ ಅಲಂಕಾರಕ್ಕೆ ಅಂತ ಭಾರತಕ್ಕೆ ತಂದ ಗಿಡ. ಬಣ್ಣಬಣ್ಣದ ಪುಟ್ಟ ಹೂವು, ಮುಳ್ಳು ಕಾಂಡ, ಕಪ್ಪು ಹಣ್ಣು. ಹಣ್ಣನ್ನು ಪಿಕಳಾರ ಮೊದಲಾದ ಹಕ್ಕಿ ತಿಂದು ಎಲ್ಲೆಡೆ ಬಿತ್ತುತ್ತವೆ. ಎಲೆಯಲ್ಲಿ ವಿಷ ಇರೋದರಿಂದ ಜಿಂಕೆಯೂ ಮುಟ್ಟಲ್ಲ, ದನವೂ ಮುಟ್ಟಲ್ಲ. ಪೊದೆ ಆಳೆತ್ತರ ಬೆಳೆದ ಮೇಲೆ ಅದರ ಕೆಳಗೆ ಬಿಸಿಲು ಬೀಳಲ್ಲ, ಹುಲ್ಲು ಏಳಲ್ಲ, ಮತ್ತಿ ಹೊನ್ನೆಯ ಸಸಿಯೂ ಮೇಲೆ ಬರಲ್ಲ. ಊಟಿ ರಸ್ತೆಯಲ್ಲಿ ಹೋಗುವಾಗ ಎರಡೂ ಕಡೆ ನೋಡಿ. ಹಸಿರು ಕಾಣುತ್ತೆ, ಆದರೆ ಅದರಲ್ಲಿ ತಿನ್ನೋ ಹಸಿರು ಎಷ್ಟು ಅಂತ ಗಮನಿಸಿ.

ಬೇಸಿಗೆಯಲ್ಲಿ ಒಣಗಿದ ಲಂಟಾನ ಬೆಂಕಿಗೆ ಸೌದೆ. ಹುಲ್ಲಿಗೆ ಬಿದ್ದ ಬೆಂಕಿ ನೆಲದ ಮೇಲೆ ಸರ್ರನೆ ಹೋಗುತ್ತೆ, ಲಂಟಾನಕ್ಕೆ ಬಿದ್ದರೆ ಮರದ ಎತ್ತರಕ್ಕೆ ಏರುತ್ತೆ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಸುಟ್ಟಿದ್ದು ನೆನಪಿರಬೇಕು. ಬೆಂಕಿ ಆರಿದ ಮೇಲೆ ಮೊದಲು ಚಿಗುರೋದೂ ಲಂಟಾನವೇ, ಬುಡ ಸಾಯೋದಿಲ್ಲ. ಈಗ ಇದರ ಜೊತೆಗೆ ಹಳದಿ ಹೂವಿನ ಸೆನ್ನಾ ಮರವೂ ವಯನಾಡು, ಬಂಡೀಪುರ ಕಡೆ ಹಬ್ಬುತ್ತಿದೆ. ನೋಡೋಕೆ ಚೆಂದ ಅಂತ ಹೊಲದ ಬದಿಗೆ ತಂದು ನೆಡಬೇಡಿ.

ನಮ್ಮ ಗೋಮಾಳ, ಹಳ್ಳದ ದಂಡೆ, ಬದುಗಳಲ್ಲೂ ಲಂಟಾನ ಇದೆ. ಕಾಡುಹಂದಿಗೆ ಹಗಲು ಮಲಗೋಕೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ. ತುಂಬಾ ಜನ ಮಚ್ಚಿನಿಂದ ಮೇಲೆ ಕಡೀತಾರೆ. ಒಂದು ಕಡಿದರೆ ನಾಲ್ಕು ಚಿಗುರುತ್ತೆ. ಸರಿಯಾದ ಕ್ರಮ ಇದು: ಮಳೆ ಬಿದ್ದು ನೆಲ ಮೆತ್ತಗಾದಾಗ, ಹಣ್ಣು ಕಟ್ಟೋಕೆ ಮುಂಚೆ, ಬುಡದ ಮಣ್ಣು ಸರಿಸಿ ನೆಲಮಟ್ಟದಿಂದ ಮೂರು ನಾಲ್ಕು ಬೆರಳು ಕೆಳಗೆ ತಾಯಿಬೇರು ಕತ್ತರಿಸಬೇಕು. ಕಿತ್ತ ಗಿಡವನ್ನು ಬೇರು ಮೇಲಾಗಿ ತಲೆಕೆಳಗೆ ಇಟ್ಟು ಒಣಗಿಸಬೇಕು, ಮತ್ತೆ ನೆಲ ಹಿಡಿಯೋಕೆ ಬಿಡಬಾರದು. ಖಾಲಿಯಾದ ಜಾಗಕ್ಕೆ ಕೂಡಲೇ ಹುಲ್ಲಿನ ಬೀಜ ಎರಚಿ, ಇಲ್ಲದಿದ್ದರೆ ಪಾರ್ಥೇನಿಯಂ ಬಂದು ಕೂರುತ್ತೆ. ಎರಡು ವರ್ಷ ಹೊಸ ಸಸಿಗಳನ್ನು ಕೀಳುತ್ತಾ ಇರಬೇಕು. ಕಾಂಡ ದಂಡ ಅಲ್ಲ: ಮಲೆಮಹದೇಶ್ವರ ಬೆಟ್ಟದಲ್ಲಿ ಸೋಲಿಗರು ಇದರಿಂದ ಕುರ್ಚಿ, ಬುಟ್ಟಿ ಮಾಡಿ ಮಾರ್ತಾರೆ. ನೆನಪಿಡಿ, ಇದು ನಮ್ಮ ಜಮೀನಿಗೆ ಮಾತ್ರ. ಕಾಡಿನೊಳಗೆ ನಾವೇ ಹೋಗಿ ಕಡಿಯೋ ಹಾಗಿಲ್ಲ.

ಆನೆ ಹೊಲಕ್ಕೇ ಯಾಕೆ ಬರುತ್ತೆ?

"ಕಾಡಿನಲ್ಲಿ ಮೇವಿಲ್ಲ, ಅದಕ್ಕೆ ಬರ್ತವೆ" ಅನ್ನೋದು ಅರ್ಧ ಸತ್ಯ. 1980ರ ದಶಕದಲ್ಲಿ ಚಾಮರಾಜನಗರ ಸೀಮೆಯ ಕಾಡುಗಳಲ್ಲೇ ಆನೆಗಳ ಹಿಂದೆ ತಿರುಗಿ ಅಧ್ಯಯನ ಮಾಡಿದ ವಿಜ್ಞಾನಿ ರಾಮನ್ ಸುಕುಮಾರ್ ಅವರು ಉಳಿದರ್ಧ ಹೇಳಿದ್ದಾರೆ. ಮಳೆ ಮುಗಿದು ಕಾಡಿನ ಹುಲ್ಲು ಬಲಿತ ಮೇಲೆ ಅದರಲ್ಲಿ ಪ್ರೋಟೀನು ತೀರಾ ಇಳಿಯುತ್ತೆ, ನಾರು ಜಾಸ್ತಿಯಾಗುತ್ತೆ. ಅದೇ ಹೊತ್ತಿಗೆ ನಮ್ಮ ರಾಗಿ ಹಾಲುಗಟ್ಟುತ್ತೆ. ರಾಗಿಯೂ ಹುಲ್ಲಿನ ಜಾತಿಯೇ, ಆದರೆ ಅದರಲ್ಲಿ ಪ್ರೋಟೀನು, ಕ್ಯಾಲ್ಸಿಯಂ, ಉಪ್ಪಿನಂಶ ಹೆಚ್ಚು. ನಾವೇ ಗೊಬ್ಬರ ಹಾಕಿ, ಕಳೆ ತೆಗೆದು, ಒಂದೇ ಕಡೆ ಗುಡ್ಡೆ ಹಾಕಿ ಇಟ್ಟ ಪೌಷ್ಟಿಕ ಹುಲ್ಲು. ಆನೆಗೆ ಕಾಡಿಗೂ ಹೊಲಕ್ಕೂ ಗಡಿ ಕಾಣೋದಿಲ್ಲ, ಒಳ್ಳೆ ಹುಲ್ಲು ಎಲ್ಲಿದೆ ಅಂತ ಕಾಣುತ್ತೆ.

ಇನ್ನೊಂದು ವಿಚಾರ: ಗುಂಪಿನ ಹೆಣ್ಣಾನೆಗಳಿಗಿಂತ ಗಂಡಾನೆಗಳು ಹೊಲಕ್ಕೆ ನುಗ್ಗೋದು ಎಷ್ಟೋ ಪಟ್ಟು ಹೆಚ್ಚು. ಮರಿ ಇರುವ ತಾಯಿ ಅಪಾಯಕ್ಕೆ ಹೋಗಲ್ಲ. ಸಲಗಕ್ಕೆ ಮೈ ಬೆಳೆದಷ್ಟೂ ಬೆದೆಯ ಕಾಲದಲ್ಲಿ ಗೆಲುವು, ಅದಕ್ಕೆ ಅದು ಧೈರ್ಯ ಮಾಡುತ್ತೆ. ಹಾಗಾಗಿ ಕಾಡಿನಲ್ಲಿ ಹುಲ್ಲು ಚೆನ್ನಾಗಾದರೆ ಆನೆ ಬರೋದು ಪೂರ್ತಿ ನಿಲ್ಲುತ್ತೆ ಅಂತ ನಾನು ಹೇಳಲ್ಲ. ಆದರೆ ಒಳಗೆ ಹುಲ್ಲೂ ಇಲ್ಲ, ಹೊರಗೆ ಸಾಲಾಗಿ ಬಾಳೆ, ರಾಗಿ, ಜೋಳ, ಕಬ್ಬು ಇದೆ ಅಂದರೆ ಅದು ಕರೆದು ಎಲೆ ಹಾಕಿದ ಹಾಗೆ.

ಹಂದಿ ಹೆಚ್ಚಾಗಿದ್ದು ಯಾಕೆ?

ಕಾಡುಹಂದಿ ಒಂದು ಸೂಲಿಗೆ ನಾಲ್ಕರಿಂದ ಆರು ಮರಿ ಹಾಕುತ್ತೆ. ಗೆಡ್ಡೆ, ಕಡಲೆಕಾಯಿ, ಜೋಳ, ಎರೆಹುಳು, ಏನಾದರೂ ಆಗುತ್ತೆ. ಅದನ್ನು ಹಿಡಿತದಲ್ಲಿ ಇಡೋರು ಹುಲಿ, ಚಿರತೆ, ಸೀಳುನಾಯಿ. ಕಾಡಂಚಿನಲ್ಲಿ ಇವುಗಳನ್ನು ಓಡಿಸಿ ಅಥವಾ ಸಾಯಿಸಿ, ಲಂಟಾನ ಪೊದೆ ಬೆಳೆಯೋಕೆ ಬಿಟ್ಟರೆ ಹಂದಿಗೆ ಹಬ್ಬ. ಸೀಳುನಾಯಿ ನಮ್ಮ ಬೆಳೆಗೆ ಏನೂ ಮಾಡಲ್ಲ, ಆದರೂ ಒಂದು ಕಾಲದಲ್ಲಿ ಅದನ್ನು ಕೊಂದರೆ ಸರ್ಕಾರವೇ ಇನಾಮು ಕೊಡ್ತಿತ್ತು. ಈಗ ಊರ ನಾಯಿಗಳಿಂದ ಅವಕ್ಕೆ ರೋಗ ಹರಡುವ ಭಯ. ಮನೆ ನಾಯಿಗೆ ರೇಬಿಸ್, ಡಿಸ್ಟೆಂಪರ್ ಚುಚ್ಚುಮದ್ದು ಹಾಕಿಸಿ, ಕಾಡಿನ ಕಡೆ ಬಿಡಬೇಡಿ.

ಹುಲಿ ಹಸು ಹಿಡಿದಾಗ ಸಿಟ್ಟು ಬರೋದು ಸಹಜ. ಆದರೆ ಕಳೇಬರಕ್ಕೆ ವಿಷ ಹಾಕೋದು ಯಾವ ಕಾರಣಕ್ಕೂ ಬೇಡ. 2025ರ ಜೂನ್‌ನಲ್ಲಿ ಮಲೆಮಹದೇಶ್ವರ ವನ್ಯಧಾಮದಲ್ಲಿ ವಿಷ ಹಾಕಿದ ಹಸುವಿನ ಮಾಂಸ ತಿಂದು ತಾಯಿ ಹುಲಿ ಮತ್ತು ಅದರ ನಾಲ್ಕು ಮರಿ ಸತ್ತವು. ಹಸು ಹೋದದ್ದಕ್ಕೆ ಪರಿಹಾರ ಇದೆ, ವಿಷ ಹಾಕಿದರೆ ಜೈಲಿದೆ.

ರಣಹದ್ದು ಮತ್ತು ಹಸುವಿನ ನೋವಿನ ಇಂಜೆಕ್ಷನ್

ಹಸು ಸಾಕುವ ಎಲ್ಲರೂ ಇದೊಂದು ವಿಚಾರ ತಿಳ್ಕೊಳ್ಳಲೇಬೇಕು. ಬಂಡೀಪುರದಲ್ಲಿ ಬಿಳಿಬೆನ್ನಿನ, ಉದ್ದಕೊಕ್ಕಿನ, ಕೆಂಪುತಲೆಯ ರಣಹದ್ದುಗಳು ಇನ್ನೂ ಉಳಿದಿವೆ. ದೇಶದಲ್ಲಿ 1990ರ ದಶಕದಿಂದ ಈ ಜಾತಿಗಳು ಶೇಕಡಾ 90ಕ್ಕಿಂತ ಹೆಚ್ಚು ಕಡಿಮೆಯಾದವು. ಕಾರಣ ಹಸುಗಳಿಗೆ ಕೊಡ್ತಿದ್ದ ಡೈಕ್ಲೋಫೆನಾಕ್ ಅನ್ನೋ ನೋವಿನ ಔಷಧ. ಅದು ಮೈಯಲ್ಲಿರುವಾಗ ಹಸು ಸತ್ತು, ಆ ಮಾಂಸ ತಿಂದರೆ ರಣಹದ್ದಿನ ಮೂತ್ರಪಿಂಡ ಹಾಳಾಗಿ ಕೆಲವೇ ದಿನದಲ್ಲಿ ಸಾಯುತ್ತೆ. 2006ರಲ್ಲಿ ಜಾನುವಾರುಗಳಿಗೆ ಇದನ್ನು ನಿಷೇಧಿಸಿದರು. 2023ರಲ್ಲಿ ಕೀಟೋಪ್ರೊಫೆನ್, ಅಸೆಕ್ಲೋಫೆನಾಕ್ ಕೂಡ ನಿಷೇಧವಾದವು. ಹಸುವಿಗೆ ನೋವಿನ ಇಂಜೆಕ್ಷನ್ ಬೇಕಾದರೆ ಪಶುವೈದ್ಯರಿಗೆ "ಮೆಲಾಕ್ಸಿಕಾಮ್ ಕೊಡಿ ಸಾರ್" ಅಂತ ಬಾಯಿಬಿಟ್ಟು ಕೇಳಿ. ಇದರಿಂದ ರಣಹದ್ದಿಗೆ ತೊಂದರೆ ಇಲ್ಲ. ಮನುಷ್ಯರ ಔಷಧ ತಂದು ಹಸುವಿಗೆ ಚುಚ್ಚಿಸಬೇಡಿ.

ನಾನು ಬದಲಾಯಿಸಿಕೊಂಡದ್ದು

ಬಾಳೆ ಹೋಗಿ ಈಗ ನಾಲ್ಕು ವರ್ಷ. ನನ್ನ ಹೊಲದಲ್ಲಿ ಮಾಡಿದ್ದನ್ನು ಇದ್ದ ಹಾಗೇ ಹೇಳ್ತೀನಿ.

ಗೊಬ್ಬರ: ಹೊರಗಿನ ಗೊಬ್ಬರ ನಿಲ್ಲಿಸಿದೆ. ಎರಡು ಹಸು ಕಟ್ಟಿ ಸಾಕ್ತಿದ್ದೀನಿ. ಅವು ಕೊಡೋ ಸಗಣಿ ಅರಿಶಿನಕ್ಕೆ ಸಾಲಲ್ಲ, ಅದಕ್ಕೆ ಏಪ್ರಿಲ್ ಮಳೆಗೆ ಎಕರೆಗೆ 20 ಕೆ.ಜಿ. ಸೆಣಬು ಬಿತ್ತಿ, ಹೂ ಬಿಡುವ ಹೊತ್ತಿಗೆ, ಅಂದರೆ 40-45 ದಿನಕ್ಕೆ ಉತ್ತು, ಜೂನ್‌ನಲ್ಲಿ ಅರಿಶಿನ ಹಾಕ್ತೀನಿ. ಬದುವಿನ ಸುತ್ತ ಗ್ಲಿರಿಸಿಡಿಯಾ, ಅದರ ಸೊಪ್ಪು ಮುಚ್ಚಿಗೆಗೆ. ಮೊದಲ ವರ್ಷ ಇಳುವರಿ ಇಳಿಯಿತು, ಬೇಜಾರೂ ಆಯ್ತು. ಮೂರನೇ ವರ್ಷಕ್ಕೆ ಹೆಚ್ಚೂಕಮ್ಮಿ ಹಳೇ ಮಟ್ಟಕ್ಕೆ ಬಂದಿದೆ.

ಬೆಳೆ: ಕಾಡಿನ ಕಡೆಯ ಅಂಚಿಗೆ ಅರಿಶಿನ, ಮೆಣಸಿನಕಾಯಿ, ಚೆಂಡು ಹೂವು. ಆನೆ ಸಾಮಾನ್ಯವಾಗಿ ಇವನ್ನು ತಿನ್ನಲ್ಲ. ತುಳಿದು ದಾಟಿಹೋಗಬಹುದು, ಆದರೆ ನಿಂತು ಮೇಯಲ್ಲ. ಬಾಳೆ ಈಗ ಮನೆ ಪಕ್ಕ 60 ಗಿಡ ಮಾತ್ರ. ಹಸುವಿನ ನೇಪಿಯರ್ ಹುಲ್ಲೂ ಮನೆ ಹತ್ತಿರವೇ, ಎಳೆಯದರಲ್ಲೇ ಕೊಯ್ತೀನಿ, ಅದೂ ಆನೆಗೆ ಇಷ್ಟ. ಹಲಸಿನ ಮರ ಇದ್ದರೆ ಕಾಯಿ ಹಣ್ಣಾಗೋಕೆ ಮುಂಚೆ ಇಳಿಸಿಬಿಡಿ.

ಜೇನು: ಪಕ್ಕದವರು ಸೂರ್ಯಕಾಂತಿ ಹಾಕಿದಾಗ ಕಾಡಿಂದ ಹೆಜ್ಜೇನು ಬಂದು ಕಾಳು ಕಟ್ಟಿಸಿಕೊಡುತ್ತೆ. ಹೂ ಬಿಟ್ಟ ಹೊಲಕ್ಕೆ ಕೀಟನಾಶಕ ಹೊಡೆಯೋದು ನಮ್ಮ ಕಾಳು ನಾವೇ ಕಡಿಮೆ ಮಾಡ್ಕೊಂಡ ಹಾಗೆ. ಆನೆಗೆ ಜೇನುಪೆಟ್ಟಿಗೆ ಬೇಲಿ ಅಂತ ಕೀನ್ಯಾದಲ್ಲಿ ಶುರುವಾಗಿ, 2021ರಲ್ಲಿ ಖಾದಿ ಆಯೋಗದವರು ಕೊಡಗಿನಲ್ಲೂ ಪ್ರಯೋಗ ಮಾಡಿದರು. ನಮ್ಮ ತುಡುವೆ ಜೇನು ಆಫ್ರಿಕಾದ್ದಕ್ಕಿಂತ ಸಾಧು, ರಾತ್ರಿ ಪೆಟ್ಟಿಗೆಯೊಳಗೇ ಇರುತ್ತೆ. ಜೇನಿಗೆ, ಪರಾಗಸ್ಪರ್ಶಕ್ಕೆ ಅಂತ ಪೆಟ್ಟಿಗೆ ಇಡಿ, ಅದೊಂದನ್ನೇ ನಂಬಿ ಬಾಳೆ ಹಾಕಬೇಡಿ.

ಆ ತಂತಿಯ ವಿಚಾರ

ಲೈನಿಂದ ನೇರ ಎಳೆದ ತಂತಿ ಅಪರಾಧ, 1972ರ ವನ್ಯಜೀವಿ ಕಾಯ್ದೆಯಲ್ಲಿ ಜೈಲು. ಅದು ಎಲ್ಲರಿಗೂ ಗೊತ್ತು. ನನ್ನನ್ನು ತಡೆದದ್ದು ಕಾಯ್ದೆ ಅಲ್ಲ. ನಮ್ಮ ಕಡೆ ತ್ರೀ ಫೇಸ್ ಕರೆಂಟ್ ರಾತ್ರಿ ಹೊತ್ತು ಕೊಡ್ತಾರೆ. ಆಗ ಮೋಟಾರ್ ಹಾಕೋಕೆ ಬ್ಯಾಟರಿ ಹಿಡ್ಕೊಂಡು ನನ್ನ ಬದುವಿನ ಮೇಲೆ ನಡೆದು ಬರೋದು ಯಾರು? ಆ ತಂತಿ ಎಳಿ ಅಂದ ದೊಡ್ಡಪ್ಪನೇ. ಇದನ್ನು ಅವರಿಗೆ ಹೇಳಿದೆ. "ಅದೂ ಸರಿಯೇ ಕನವ್ವ" ಅಂದರು, ಮತ್ತೆ ಆ ಮಾತು ಎತ್ತಲಿಲ್ಲ.

ಸೋಲಾರ್ ಬೇಲಿ ಬೇರೆ. ಅದರ ಎನರ್ಜೈಸರ್ ಸೆಕೆಂಡಿಗೆ ಒಂದು ಸಲದಂತೆ ಕ್ಷಣಮಾತ್ರದ ಹೊಡೆತ ಕೊಡುತ್ತೆ, ಹೆದರಿಸುತ್ತೆ, ಕೊಲ್ಲಲ್ಲ. ಆದರೆ ಹಾಕಿಬಿಟ್ಟರೆ ಮುಗೀತು ಅಲ್ಲ. ತಂತಿಗೆ ಹುಲ್ಲು, ಬಳ್ಳಿ ತಾಗಿದರೆ ಕರೆಂಟ್ ನೆಲಕ್ಕೆ ಇಳಿದುಹೋಗುತ್ತೆ. ಬುಡದಲ್ಲಿ ಮೂರು ಅಡಿ ಜಾಗ ಸದಾ ಚೊಕ್ಕಟ ಇರಬೇಕು, ದಿನಾ ಸಂಜೆ ಮೀಟರ್ ಇಟ್ಟು ನೋಡಬೇಕು, ಬ್ಯಾಟರಿ ನೀರು ನೋಡಬೇಕು. ದಂತಕ್ಕೆ ಶಾಕ್ ತಾಗಲ್ಲ ಅಂತ ಸಲಗಗಳು ಕಲಿತಿವೆ, ದಂತದಲ್ಲೇ ತಂತಿ ಕೀಳ್ತವೆ. ಒಬ್ಬರೇ ಹಾಕಿದರೆ ಆನೆ ಪಕ್ಕದವರ ಹೊಲದಿಂದ ಬರುತ್ತೆ. ನಾವು ಒಂಬತ್ತು ಮನೆಯವರು ಸೇರಿ ಒಂದೇ ಬೇಲಿ ಹಾಕಿದ್ದೀವಿ, ವಾರಕ್ಕೊಬ್ಬರ ಪಾಳಿ. ಬೇಲಿ ಉಳಿದಿರೋದು ಆ ಪಾಳಿಯಿಂದ. ಸಹಾಯಧನದ ಬಗ್ಗೆ ಅರಣ್ಯ ಇಲಾಖೆಯಲ್ಲಿ ವಿಚಾರಿಸಿ.

ಬೆಳೆ ಹಾಳಾದ ದಿನ ಏನು ಮಾಡಬೇಕು?

1. ಬಿದ್ದ ಬೆಳೆ, ಲದ್ದಿ, ಹೆಜ್ಜೆ ಗುರುತನ್ನು ಕೂಡಲೇ ತೆಗೆಯಬೇಡಿ. ದಿನಾಂಕ ಬರುವ ಹಾಗೆ ಮೊಬೈಲ್‌ನಲ್ಲಿ ಫೋಟೋ, ವಿಡಿಯೋ ಮಾಡಿ.
2. ಅದೇ ದಿನ ವಲಯ ಅರಣ್ಯಾಧಿಕಾರಿ ಕಚೇರಿಗೆ ತಿಳಿಸಿ. ಸಿಬ್ಬಂದಿ ಬಂದು ಮಹಜರು ಮಾಡುವವರೆಗೂ ಹೊಲ ಹಾಗೇ ಇರಲಿ.
3. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಪ್ರತಿಗಳನ್ನು ಒಂದು ಕವರಿನಲ್ಲಿ ಮೊದಲೇ ಸಿದ್ಧ ಇಟ್ಟುಕೊಳ್ಳಿ. ಪಹಣಿ ಇನ್ನೂ ತಾತನ ಹೆಸರಲ್ಲಿದ್ದರೆ ಈ ಬೇಸಿಗೆಯಲ್ಲೇ ಸರಿಮಾಡಿಸಿ, ಎಷ್ಟೋ ಅರ್ಜಿ ನಿಲ್ಲೋದು ಅಲ್ಲೇ.
4. ಅರ್ಜಿಗೆ ಸ್ವೀಕೃತಿ ಪಡೆಯಿರಿ. ಬಂಡೀಪುರ, ನಾಗರಹೊಳೆ ಸುತ್ತಲಿನ ಊರುಗಳಲ್ಲಿ ಅರ್ಜಿ ಹಾಕೋಕೆ ನೆರವಾಗುವ ವೈಲ್ಡ್ ಸೇವೆ ಅನ್ನೋ ಸಹಾಯವಾಣಿಯೂ 2015ರಿಂದ ಇದೆ.
5. ಆನೆ ಹೊಲದಲ್ಲಿ ಇರುವಾಗ ಒಬ್ಬರೇ ಓಡಿಸೋಕೆ ಹೋಗಬೇಡಿ. ಬೆಳೆ ಮುಂದಿನ ವರ್ಷವೂ ಬರುತ್ತೆ.

ನನಗೆ ಬಂದ ಪರಿಹಾರ ನಷ್ಟದ ಕಾಲು ಭಾಗವೂ ಆಗಲಿಲ್ಲ, ಬರೋಕೆ ಎಂಟು ತಿಂಗಳಾಯ್ತು. ಆದರೂ ಅರ್ಜಿ ಹಾಕಿ. ಲೆಕ್ಕಕ್ಕೆ ಬರದ ನಷ್ಟಕ್ಕೆ ಸರ್ಕಾರದಲ್ಲಿ ದನಿಯೇ ಇರಲ್ಲ.

ಕಾಡಂಚಿನಲ್ಲಿ ಬೇಸಾಯ ಮಾಡೋದು ಸುಲಭ ಅಂತ ಯಾರೂ ಹೇಳಲ್ಲ, ನಾನೂ ಹೇಳಲ್ಲ. ಕಾಡು ಕಾಯುವ ಖರ್ಚೆಲ್ಲ ನಮ್ಮ ತಲೆ ಮೇಲೆ, ನೋಡಿ ಖುಷಿಪಡೋರು ಪೇಟೆಯವರು ಅನ್ನೋ ಸಿಟ್ಟೂ ನ್ಯಾಯವಾದದ್ದೇ. ಆದರೆ ಬೇಲಿಯಾಚೆ ಇರೋದು ಬೇರೆಯವರ ಜಮೀನು ಅಂತ ಅಂದ್ಕೊಂಡು ಮಾಡಿದ ಬೇಸಾಯ ನನಗೆ ದುಬಾರಿಯಾಯ್ತು.

ಹೋದ ತಿಂಗಳು ಹಂದಿ ಬಂದು ಅರಿಶಿನದ ಎರಡು ಸಾಲು ಎರೆಹುಳುವಿಗಾಗಿ ಬಗೆದುಹಾಕಿವೆ. ಹಳ್ಳದ ದಂಡೆಯ ಲಂಟಾನ ಇನ್ನೂ ಅರ್ಧ ಉಳಿದಿದೆ. ಮುಂಗಾರು ಬಿದ್ದ ಮೇಲೆ, ಹಣ್ಣು ಕಟ್ಟೋಕೆ ಮುಂಚೆ, ದೊಡ್ಡಪ್ಪನೂ ಗುದ್ದಲಿ ತಗೊಂಡು ಬರ್ತೀನಿ ಅಂದಿದ್ದಾರೆ. ನಿಮ್ಮ ಊರ ಗೋಮಾಳದಲ್ಲೂ ಇದ್ದರೆ ಅದೇ ಹೊತ್ತಿಗೆ ಶುರು ಮಾಡಿ.